ಗಂಡಸರ ಅದಬು, ಮನೆಯವರ ಆರೋಗ್ಯ

ಕೆಲವು ತಿಂಗಳ ಹಿಂದೆ ಒಬ್ಬ ಸಹೋದರರು ತಮ್ಮ ಪತ್ನಿಯನ್ನು ಕರೆದುಕೊಂಡು ನನ್ನ ಕ್ಲಿನಿಕ್ಕಿಗೆ ಬಂದರು. ಇಸ್ತ್ರಿ ಮಾಡಿದ ಶರ್ಟು, ಒಪ್ಪವಾಗಿ ಕತ್ತರಿಸಿದ ಗಡ್ಡ, ಹಿತವಾದ ಅತ್ತರು. ಚಪ್ಪಲಿಯನ್ನು ಹೊರಗೆ ಜೋಡಿಸಿಟ್ಟು, ಸಲಾಮ್ ಹೇಳಿ ಒಳಗೆ ಬಂದರು. ಮೊಬೈಲನ್ನು ಸೈಲೆಂಟ್ ಮಾಡಿ ಜೇಬಿನಲ್ಲಿಟ್ಟುಕೊಂಡರು. ಯಾರು ನೋಡಿದರೂ ‘ಎಂಥ ಶರೀಫ್ ಮನುಷ್ಯ’ ಎನ್ನುವಂತಿದ್ದರು.

ನಾನು ಅವರ ಪತ್ನಿಯ ಕಡೆ ತಿರುಗಿ, “ಏನು ತೊಂದರೆಯಮ್ಮಾ?” ಎಂದು ಕೇಳಿದೆ. ಉತ್ತರ ಪತಿಯಿಂದ ಬಂತು. “ಉರಿಮೂತ್ರ, ಡಾಕ್ಟರ್ ಸಾಬ್. ಈ ವರ್ಷದಲ್ಲಿ ಇದು ಮೂರನೇ ಸಲ. ನೀರೇ ಕುಡಿಯೋದಿಲ್ಲ. ಎಷ್ಟು ಹೇಳಿದರೂ ಕೇಳೋದಿಲ್ಲ.”

“ಯಾಕಮ್ಮಾ ನೀರು ಕುಡಿಯೋದಿಲ್ಲ?” ಎಂದೆ. ಆಕೆ ಮೊದಲು ಪತಿಯ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ, “ಕುಡಿದರೆ ಹೋಗಬೇಕಾಗುತ್ತೆ. ಎಲ್ಲಿಗೆ ಹೋಗಲಿ?” ಎಂದರು.

ವಿಷಯ ಇಷ್ಟೇ. ಪತಿಗೆ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿಯಿದೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಪತ್ನಿಯೂ ಅಲ್ಲೇ ಕೂರುತ್ತಾರೆ. ಅಂಗಡಿಯಲ್ಲಿ ಶೌಚಾಲಯವಿಲ್ಲ. ಪತಿಗೆ ಅದರಿಂದ ತೊಂದರೆಯಾಗಿಲ್ಲ. ನಮಾಝಿಗೆಂದು ಎದುರಿನ ಮಸೀದಿಗೆ ಹೋದಾಗ ಅಲ್ಲೇ ಮುಗಿಸಿ ಬರುತ್ತಾರೆ. ಪತ್ನಿಗೆ ಆ ದಾರಿಯಿಲ್ಲ. ನಾಲ್ಕು ವರ್ಷಗಳಿಂದ ಆಕೆ ಹಗಲಿಡೀ ಬಾಯಾರಿಕೆ ತಡೆದುಕೊಂಡು ಬದುಕಿದ್ದಾರೆ. ಪತಿಗೆ ಅದು ಗೊತ್ತೇ ಇರಲಿಲ್ಲ. ಅವರು ಕೆಟ್ಟವರಲ್ಲ, ಕೇಳಿರಲಿಲ್ಲ ಅಷ್ಟೇ. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಗಂಡಸರ ಶಿಷ್ಟಾಚಾರದ ಬಗ್ಗೆ ಈಗ ಎಲ್ಲೆಡೆ ಮಾತು ಕೇಳಿಬರುತ್ತದೆ. ಯಾವ ಬೂಟಿಗೆ ಯಾವ ಬೆಲ್ಟು, ಹಸ್ತಲಾಘವ ಹೇಗಿರಬೇಕು, ಹೋಟೆಲಿನಲ್ಲಿ ಚಮಚ ಹೇಗೆ ಹಿಡಿಯಬೇಕು ಎಂದು ಕಲಿಸುವವರಿಗೆ ಕೊರತೆಯಿಲ್ಲ. ಇವುಗಳಲ್ಲಿ ತಪ್ಪೇನೂ ಇಲ್ಲ. ಇಸ್ಲಾಮ್ ಕೂಡಾ ಒಪ್ಪ ಓರಣವನ್ನು ಮೆಚ್ಚುತ್ತದೆ. ಆದರೆ ಇಪ್ಪತ್ತು ವರ್ಷಗಳಿಂದ ರೋಗಿಗಳ ನಾಡಿ ಹಿಡಿಯುತ್ತಿರುವ ನನಗೆ ಒಂದು ಮಾತು ಸ್ಪಷ್ಟವಾಗಿದೆ. ಗಂಡಸಿನ ಅದಬನ್ನು ಅಳೆಯಬೇಕಾದದ್ದು ಅಪರಿಚಿತರ ಎದುರಲ್ಲ. ತಮಗಾಗುವ ತೊಂದರೆಯನ್ನು ಬಾಯಿಬಿಟ್ಟು ಹೇಳಲಾಗದ ಪತ್ನಿ, ಮಕ್ಕಳು, ವೃದ್ಧ ತಾಯಿಯ ಎದುರು. ಅಲ್ಲಿ ಅದಬು ತಪ್ಪಿದರೆ ಹಾಳಾಗುವುದು ಬರೀ ಮರ್ಯಾದೆಯಲ್ಲ, ಅವರ ಆರೋಗ್ಯ.

ಯುನಾನಿ ವೈದ್ಯಶಾಸ್ತ್ರದಲ್ಲಿ ‘ಅಸ್ಬಾಬೆ ಸಿತ್ತಾ ಝರೂರಿಯ್ಯಾ’ ಎಂಬ ಪಾಠವಿದೆ. ಬದುಕಿರುವ ಯಾವ ಮನುಷ್ಯನೂ ಬಿಟ್ಟಿರಲಾಗದ ಆರು ಸಂಗತಿಗಳು ಎಂದರ್ಥ: ಗಾಳಿ, ಅನ್ನ-ಪಾನೀಯ, ದೇಹದ ದುಡಿಮೆ ಮತ್ತು ವಿಶ್ರಾಂತಿ, ಮನಸ್ಸಿನ ಉದ್ವೇಗ ಮತ್ತು ನೆಮ್ಮದಿ, ನಿದ್ರೆ ಮತ್ತು ಎಚ್ಚರ, ಕೊನೆಯದಾಗಿ ದೇಹದಲ್ಲಿ ಉಳಿಯಬೇಕಾದದ್ದು ಉಳಿಯುವುದು ಮತ್ತು ಹೊರಹೋಗಬೇಕಾದದ್ದು ಹೋಗುವುದು. ಇವು ಸಮತೋಲದಲ್ಲಿದ್ದರೆ ಆರೋಗ್ಯ, ಕೆಟ್ಟರೆ ರೋಗ. ನಾವು ಇದನ್ನು ‘ನನ್ನ ಆರೋಗ್ಯ’ದ ಪಾಠವೆಂದು ಓದುತ್ತೇವೆ. ಒಂದೇ ಸೂರಿನಡಿ ಬದುಕುವವರಿಗೆ ಈ ಆರೂ ಹಂಚಿಕೆಯ ಸೊತ್ತು. ಇವುಗಳಲ್ಲಿ ಇನ್ನೊಬ್ಬರ ಪಾಲನ್ನು ಕೆಡಿಸದವನೇ ಶರೀಫ್ ಎಂಬುದು ನನ್ನ ಅಭಿಪ್ರಾಯ. ಒಂದೊಂದಾಗಿ ನೋಡೋಣ.

ಮೊದಲನೆಯದು ಗಾಳಿ. ನೀವು ಬೀಡಿ, ಸಿಗರೇಟು ಸೇದುವವರಾದರೆ ‘ನನ್ನ ದುಡ್ಡು, ನನ್ನ ಶ್ವಾಸಕೋಶ’ ಎನ್ನಬಹುದು. ತಂಬಾಕಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಕಿಟಕಿಯ ಬಳಿ ನಿಂತು ಸೇದಿದರೂ ಅದು ಒಳಕೋಣೆಯಲ್ಲಿ ಮಲಗಿರುವ ಮಗುವನ್ನು ತಲುಪುತ್ತದೆ. ಪದೇ ಪದೇ ದಮ್ಮು, ಕಿವಿನೋವು ಎಂದು ಬರುವ ಮಕ್ಕಳ ತಂದೆಯನ್ನು ನಾನು ಮೊದಲು ಕೇಳುವುದೇ, “ಮನೆಯಲ್ಲಿ ಸೇದುತ್ತೀರಾ?” ಎಂದು. ಬಿಡುವುದೇ ಸರಿಯಾದ ದಾರಿ. ಬಿಡುವ ತನಕ ಮನೆಯೊಳಗೆ, ಕಾರಿನೊಳಗೆ ಸೇದದಿರುವುದು ಕನಿಷ್ಠ ಮರ್ಯಾದೆ.

ಬೆಳ್ಳುಳ್ಳಿ, ಈರುಳ್ಳಿ ತಿಂದವರು ಆ ವಾಸನೆಯೊಂದಿಗೆ ಮಸೀದಿಗೆ ಬರಬಾರದೆಂದು ಪ್ರವಾದಿ ಮುಹಮ್ಮದ್(ಸ)ರು ತಾಕೀತು ಮಾಡಿದ್ದು ನಮಗೆಲ್ಲ ಗೊತ್ತು. ಹಲಾಲ್ ಆಹಾರದ ವಾಸನೆಗೇ ಇಷ್ಟು ಎಚ್ಚರವಿದ್ದರೆ, ಗುಟ್ಕಾ ಜಗಿದ ಬಾಯಿಯಲ್ಲಿ ಸಫ್‌ನಲ್ಲಿ ನಿಲ್ಲುವುದಕ್ಕೆ ಏನೆನ್ನೋಣ? ನಮ್ಮ ರಾಜ್ಯದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಆದರೂ ಮಸೀದಿಯ ಹೊರಗೋಡೆಯ ಮೂಲೆಗಳು ಕೆಂಪಾಗಿಯೇ ಇವೆ. ಸೀನುವಾಗ ಪ್ರವಾದಿವರ್ಯರು(ಸ) ಕೈಯಿಂದಲೋ ಬಟ್ಟೆಯಿಂದಲೋ ಮುಖ ಮುಚ್ಚಿ, ಸದ್ದು ತಗ್ಗಿಸುತ್ತಿದ್ದರೆಂದು ಹದೀಸ್‌ನಲ್ಲಿದೆ. ಈಗ ವೈದ್ಯರು ಹೇಳುವುದೂ ಅದನ್ನೇ: ಕರವಸ್ತ್ರ ಹಿಡಿಯಿರಿ, ಇಲ್ಲದಿದ್ದರೆ ಮೊಣಕೈ ಮಡಚಿ ಅದರೊಳಗೆ ಸೀನಿರಿ, ಅಂಗೈಗೆ ಸೀನಿದರೆ ಮುಸಾಫಹ ಮಾಡುವ ಮೊದಲು ಕೈ ತೊಳೆಯಿರಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಗೆ ಸೇರುವ ಕಣಗಳಿಂದ. ಪರೀಕ್ಷೆಗೆ ನಾಚಿಕೆಪಡುವ ಗಂಡಸು ತನ್ನ ಮನೆಯವರನ್ನೇ ಅಪಾಯಕ್ಕೆ ಒಡ್ಡುತ್ತಾನೆ.

ಅತ್ತರಿನ ಬಗ್ಗೆಯೂ ಒಂದು ಮಾತು. ಅತ್ತರು ಸುನ್ನತ್, ಆದರೆ ಸ್ನಾನಕ್ಕೆ ಬದಲಿಯಲ್ಲ. ಬೆವರಿನ ಮೇಲೆ ಹಚ್ಚಿದ ಅತ್ತರು ಎರಡು ವಾಸನೆಗಳನ್ನು ಕೂಡಿಸುತ್ತದೆ ಅಷ್ಟೇ. ಕಂಕುಳನ್ನು ಶುಚಿಯಾಗಿಡಿ, ಒಳಬಟ್ಟೆಯನ್ನು ದಿನವೂ ಬದಲಿಸಿ, ಆಮೇಲೆ ಒಂದು ಹನಿ ಸಾಕು. ಪಕ್ಕದವರಿಗೆ ದಮ್ಮಿದ್ದರೆ ಆ ಒಂದು ಹನಿಯೂ ಬೇಡ.

ಎರಡನೆಯದು ಅನ್ನ. ನಮ್ಮ ಅನೇಕ ಮನೆಗಳಲ್ಲಿ ಮೊದಲು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಅಡುಗೆ ಮಾಡಿದವಳು ಉಣ್ಣುತ್ತಾರೆ. ಮಾಂಸದ ತುಂಡುಗಳು ಮುಗಿದ ಮೇಲೆ ಸಾರು ಅವಳ ಪಾಲಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಶೇ. 25. ಮುಟ್ಟು, ಹೆರಿಗೆ ಇದಕ್ಕೆ ದೊಡ್ಡ ಕಾರಣಗಳು, ನಿಜ. ಕಳೆದುಹೋಗುವ ರಕ್ತವನ್ನು ತುಂಬಿಕೊಡಬೇಕಾದ ತಟ್ಟೆ ಖಾಲಿಯಿರುವುದೂ ಒಂದು ಕಾರಣ. ನಾನು ಕಬ್ಬಿಣಾಂಶದ ಔಷಧಿ ಬರೆದುಕೊಡಬಲ್ಲೆ. ಮಾಂಸದ ಪಾಲನ್ನು ಮೊದಲೇ ಎತ್ತಿಡಿ ಎಂದು ಹೇಳಬೇಕಾದವರು ಮನೆಯ ಯಜಮಾನರು.

ಅಡುಗೆಯ ಬಿಸಿಯನ್ನೂ ಹೊಗೆಯನ್ನೂ ಸಹಿಸಿ ಊಟ ತಂದ ಸೇವಕನನ್ನು ಜೊತೆಯಲ್ಲಿ ಕೂರಿಸಿಕೊಳ್ಳಬೇಕು, ಆಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಬೇಕು ಎಂಬುದು ಪ್ರವಾದಿವರ್ಯರ(ಸ) ಬೋಧನೆ. ಸೇವಕನಿಗೇ ಈ ಹಕ್ಕಿದ್ದರೆ ಪತ್ನಿಗೆ ಎಷ್ಟಿರಬೇಕು? ಅವರು ಯಾವ ಆಹಾರವನ್ನೂ ಹೀಗಳೆದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು. ಉಪ್ಪು ಕಡಿಮೆಯಾಯಿತೆಂದು ತಟ್ಟೆ ತಳ್ಳಿ ಏಳುವವರು ಈ ಸುನ್ನತನ್ನೂ ಗಡ್ಡದಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಮೂರನೆಯದು ದುಡಿಮೆ ಮತ್ತು ವಿಶ್ರಾಂತಿ. ಮೊಣಕಾಲು ನೋವು, ಸೊಂಟ ನೋವು ಎಂದು ಬರುವ ಮಹಿಳೆಯರಿಗೆ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಹೇಳುವುದು ಸುಲಭ. ಆದರೆ ನೀರಿನ ಕೊಡ ಎತ್ತುವವರು ಯಾರು? ಅಟ್ಟದಿಂದ ಅಕ್ಕಿ ಚೀಲ ಇಳಿಸುವವರು ಯಾರು? ಮನೆಯೊಳಗೆ ಪ್ರವಾದಿವರ್ಯರು(ಸ) ಏನು ಮಾಡುತ್ತಿದ್ದರೆಂದು ಕೇಳಿದಾಗ ಹಝ್ರತ್ ಆಯಿಶಾ(ರ) ಕೊಟ್ಟ ಉತ್ತರ ಪ್ರಸಿದ್ಧ: ಅವರು ಮನೆಯವರ ಕೆಲಸದಲ್ಲಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು. ನೀವು ತಿಂದ ತಟ್ಟೆಯನ್ನು ನೀವೇ ತೊಳೆದಿಡಿ. ಸ್ನಾನದ ಮನೆಯಿಂದ ಹೊರಬರುವಾಗ ಒದ್ದೆ ನೆಲಕ್ಕೆ ವೈಪರ್ ಎಳೆದು ಬನ್ನಿ. ವಯಸ್ಸಾದ ತಾಯಿ ಅಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಎರಡು ನಿಮಿಷದ ಆ ಕೆಲಸ ತಾಯಿಯ ಕಾಲು ಉಳಿಸಬಹುದು.

ನಾಲ್ಕನೆಯದು ಮನಸ್ಸು. ಸಿಟ್ಟು ಬಂದಾಗ ನಾಡಿ ವೇಗವಾಗುವುದನ್ನು, ರಕ್ತದೊತ್ತಡ ಏರುವುದನ್ನು ಯಾವ ಪದ್ಧತಿಯ ವೈದ್ಯರಾದರೂ ಹೇಳುತ್ತಾರೆ. ಕೂಗಾಡಿದವನ ಸಿಟ್ಟು ಹತ್ತು ನಿಮಿಷದಲ್ಲಿ ಇಳಿಯುತ್ತದೆ. ಕೇಳಿಸಿಕೊಂಡವರ ಎದೆಬಡಿತ ರಾತ್ರಿಯವರೆಗೂ ಇಳಿಯುವುದಿಲ್ಲ. ಹೊಟ್ಟೆನೋವೆಂದು ಬರುವ ಕೆಲವು ಮಕ್ಕಳ ಹೊಟ್ಟೆಯಲ್ಲಿ ಯಾವ ದೋಷವೂ ಸಿಗುವುದಿಲ್ಲ. ಅಬ್ಬಾ ಮನೆಗೆ ಬರುವ ಹೊತ್ತಿಗೆ ನೋವು ಶುರುವಾಗುತ್ತದೆಯೆಂದು ತಾಯಿ ಮೆಲ್ಲಗೆ ಹೇಳುತ್ತಾರೆ. ನಿಂತಿರುವಾಗ ಸಿಟ್ಟು ಬಂದರೆ ಕುಳಿತುಕೊಳ್ಳಿ, ಇಳಿಯದಿದ್ದರೆ ಮಲಗಿಕೊಳ್ಳಿ ಎಂಬ ಪ್ರವಾದಿ ಬೋಧನೆಯನ್ನು ಒಮ್ಮೆ ಪಾಲಿಸಿ ನೋಡಿ. ದೇಹ ಸಡಿಲವಾದರೆ ನಾಲಿಗೆಯೂ ಸಡಿಲಾಗದೆ ಹಿಡಿತಕ್ಕೆ ಬರುತ್ತದೆ. ಇದರಲ್ಲಿ ನಾನೇನೂ ಮಾದರಿಯಲ್ಲ. ಕ್ಲಿನಿಕ್ಕಿನಲ್ಲಿ ಎಲ್ಲರೊಂದಿಗೂ ಮೆತ್ತಗೆ ಮಾತಾಡಿ ದಣಿದು, ಮನೆಯಲ್ಲಿ ಮಗಳ ಮೇಲೆ ರೇಗಿದ ದಿನಗಳುಂಟು. “ಅಬ್ಬಾ, ನಾನು ಪೇಷೆಂಟ್ ಆಗಿ ಬಂದರೆ ಚೆನ್ನಾಗಿ ಮಾತಾಡ್ತೀರಾ?” ಎಂದು ಅವಳು ಒಮ್ಮೆ ಕೇಳಿದ್ದಳು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಐದನೆಯದು ನಿದ್ರೆ. ಗೆಳೆಯರೊಂದಿಗೆ ಮಾತು ಮುಗಿಸಿ ಮಧ್ಯರಾತ್ರಿ ಮನೆಗೆ ಬಂದು ಬಾಗಿಲು ಬಡಿಯುವುದು, ಲೈಟು ಹಾಕುವುದು, ಊಟ ಬಿಸಿ ಮಾಡೆಂದು ಎಬ್ಬಿಸುವುದು, ಪಕ್ಕದಲ್ಲಿ ಮಗು ಮಲಗಿರುವಾಗ ಮೊಬೈಲಿನ ರೀಲ್ಸ್ ಜೋರಾಗಿ ಹಾಕುವುದು. ಇವೆಲ್ಲ ನಮಗೆ ತಪ್ಪೆಂದೇ ಅನಿಸುವುದಿಲ್ಲ. ಪ್ರವಾದಿವರ್ಯರು(ಸ) ರಾತ್ರಿ ಹೊತ್ತು ಬರುವಾಗ, ಎಚ್ಚರವಿದ್ದವರಿಗೆ ಕೇಳಿಸುವಷ್ಟು, ಮಲಗಿದ್ದವರು ಏಳದಷ್ಟು ಮೆಲ್ಲಗೆ ಸಲಾಮ್ ಹೇಳುತ್ತಿದ್ದರೆಂದು ಹಝ್ರತ್ ಮಿಕ್ದಾದ್(ರ) ವರದಿ ಮಾಡಿದ್ದಾರೆ. ಸಲಾಮ್‌ನಂಥ ಪುಣ್ಯದ ಮಾತಿಗೂ ದನಿಯ ಅಳತೆಯಿದೆ. ಹಾಲೂಡಿಸುವ ತಾಯಿಯ ನಿದ್ರೆ ಮೊದಲೇ ತುಂಡು ತುಂಡಾಗಿರುತ್ತದೆ. ಉಳಿದ ತುಂಡನ್ನು ಕೆಡಿಸದಿರುವುದು ಪತಿಯ ಅದಬು. ರಾತ್ರಿ ಒಮ್ಮೆ ಎದ್ದು ಮಗುವನ್ನು ಎತ್ತಿಕೊಂಡರೆ ಇನ್ನೂ ಒಳ್ಳೆಯದು.

ಆರನೆಯದು ನಾನು ಆರಂಭದಲ್ಲಿ ಹೇಳಿದ ವಿಷಯ. ಯುನಾನಿಯಲ್ಲಿ ಇದನ್ನು ‘ಇಹ್ತಿಬಾಸ್ ವ ಇಸ್ತಿಫ್ರಾಗ್’ ಎನ್ನುತ್ತೇವೆ. ಹೊರಹೋಗಬೇಕಾದದ್ದನ್ನು ತಡೆದಿಟ್ಟರೆ ರೋಗ ಹುಟ್ಟುತ್ತದೆ ಎಂಬುದು ಅದರ ಸಾರ. ಹೆಣ್ಣಿನ ಮೂತ್ರನಾಳದ ಉದ್ದ ಸುಮಾರು 4 ಸೆಂ.ಮೀ., ಗಂಡಿನದು ಸುಮಾರು 20 ಸೆಂ.ಮೀ. ಹಾಗಾಗಿ ರೋಗಾಣುಗಳು ಹೆಣ್ಣಿನ ಮೂತ್ರಕೋಶವನ್ನು ಬೇಗ ತಲುಪುತ್ತವೆ. ನೀರು ಕುಡಿದು ಆಗಾಗ ಮೂತ್ರ ಮಾಡಿದರೆ ಅವು ತೊಳೆದುಹೋಗುತ್ತವೆ. ಕುಡಿಯದೆ ತಡೆದುಕೊಂಡರೆ ಅಲ್ಲೇ ಬೆಳೆಯುತ್ತವೆ. ಸಣ್ಣ ಉರಿಗೆ ಶರಬತೆ ಬಝೂರಿಯಂಥ ಔಷಧಿ ಕೊಡುತ್ತೇವೆ. ಆದರೆ ಚಳಿಜ್ವರ, ಪಕ್ಕೆನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ, ಅಥವಾ ಗರ್ಭಿಣಿಗೆ ಉರಿಮೂತ್ರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಮೂತ್ರ ಪರೀಕ್ಷೆ ಮಾಡಿಸಿ, ಆಂಟಿಬಯೋಟಿಕ್ ಬೇಕಾಗಬಹುದು. ಸೋಂಕು ಮೂತ್ರಪಿಂಡಕ್ಕೆ ಏರಿದರೆ ಜೀವಕ್ಕೇ ಅಪಾಯ.

ಈಗ ನಮ್ಮ ಪ್ರಯಾಣಗಳನ್ನು ನೆನಪಿಸಿಕೊಳ್ಳಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ನಾನೂರು ಕಿಲೋಮೀಟರ್. ದಾರಿಯಲ್ಲಿ ಗಂಡಸರು ರಸ್ತೆ ಬದಿಯ ಯಾವುದೋ ಮರದ ಬಳಿ ಗಾಡಿ ನಿಲ್ಲಿಸಿ ಇಳಿಯುತ್ತಾರೆ. ಹಿಂದಿನ ಸೀಟಿನಲ್ಲಿ ಕುಳಿತ ತಾಯಿ, ಪತ್ನಿ, ಮಗಳು ಕಿಟಕಿಯ ಗಾಜು ಏರಿಸಿಕೊಂಡು ಸುಮ್ಮನಿರುತ್ತಾರೆ. ಜನ ನಡೆಯುವ ದಾರಿಯಲ್ಲಿ, ನೆರಳಿರುವಲ್ಲಿ ಮಲಮೂತ್ರ ಮಾಡುವುದು ಶಾಪಕ್ಕೆ ಕಾರಣವಾಗುವ ಕೆಲಸವೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹೀಗೆ ನಾವು ಒಂದೇ ನಿಲುಗಡೆಯಲ್ಲಿ ಎರಡು ತಪ್ಪು ಮಾಡುತ್ತೇವೆ: ದಾರಿಯನ್ನೂ ಕೊಳೆ ಮಾಡುತ್ತೇವೆ, ಜೊತೆಯಲ್ಲಿರುವ ಹೆಣ್ಣುಮಕ್ಕಳನ್ನೂ ಮರೆಯುತ್ತೇವೆ. ಶುಚಿಯಾದ ಶೌಚಾಲಯವಿರುವ ಪೆಟ್ರೋಲ್ ಬಂಕ್ ಅಥವಾ ಹೋಟೆಲಿನಲ್ಲಿ ಎರಡು ಗಂಟೆಗೊಮ್ಮೆ, ಅವರು ಕೇಳುವ ಮೊದಲೇ ನಿಲ್ಲಿಸಿ. “ಯಾರಿಗಾದರೂ ಹೋಗಬೇಕಾ?” ಎಂದು ಎಲ್ಲರ ಎದುರು ಕೇಳಬೇಡಿ, ಯಾರೂ ಹೌದೆನ್ನುವುದಿಲ್ಲ. “ಚಹಾ ಕುಡಿಯೋಣ” ಎಂದರೆ ಸಾಕು. ಮನೆಯ ಶೌಚಾಲಯದಲ್ಲೂ ಅಷ್ಟೇ. ಕಮೋಡಿನ ಸೀಟು ಒದ್ದೆ ಮಾಡಿದರೆ ಒರೆಸಿ ಬನ್ನಿ. ನಿಮ್ಮ ನಂತರ ಅಲ್ಲಿಗೆ ಹೋಗುವವರು ನಿಮ್ಮವರೇ.

ಮಲಮೂತ್ರದ ಒತ್ತಡವನ್ನು ತಡೆದುಕೊಂಡು ನಮಾಝ್ ಮಾಡಬಾರದೆಂದು ಹದೀಸ್‌ನಲ್ಲಿದೆ. ಯೋಚಿಸಿ ನೋಡಿ: ಅಲ್ಲಾಹನ ಮುಂದೆ ನಿಲ್ಲುವುದಕ್ಕಾಗಿಯೂ ದೇಹವನ್ನು ಹೀಗೆ ಹಿಂಸಿಸಬೇಡಿ ಎನ್ನುವ ದೀನ್ ನಮ್ಮದು. ನಾವಾದರೋ ನಮ್ಮ ಅಂಗಡಿಗಾಗಿ, ನಮ್ಮ ಅವಸರಕ್ಕಾಗಿ, ನಮ್ಮ ಮರೆವಿಗಾಗಿ ಮನೆಯ ಹೆಣ್ಣುಮಕ್ಕಳು ತಡೆದುಕೊಳ್ಳುವಂತೆ ಮಾಡಿದ್ದೇವೆ.

ಇದು ಮನೆಗೆ ಮಾತ್ರ ಸೀಮಿತವಲ್ಲ. ಮಸೀದಿ ಕಮಿಟಿಗಳಲ್ಲಿ, ಶಾದಿ ಮಹಲುಗಳ ಆಡಳಿತದಲ್ಲಿ ಇರುವವರು ಬಹುತೇಕ ಗಂಡಸರೇ. ಪೇಟೆಯ ಮಸೀದಿಗಳಲ್ಲಿ ಪ್ರತ್ಯೇಕ ಬಾಗಿಲಿರುವ, ನೀರು ಮತ್ತು ಚಿಲಕ ಸರಿಯಿರುವ ಒಂದು ಮಹಿಳಾ ಶೌಚಾಲಯ ಕಟ್ಟಿಸಿದರೆ ಪೇಟೆಗೆ ಬರುವ ಎಷ್ಟು ತಾಯಂದಿರ ದುಆ ಸಿಗಬಹುದು! ಮಹಲಿನಲ್ಲಿ ಮಹಿಳೆಯರ ಕಡೆಯ ಶೌಚಾಲಯಕ್ಕೆ ಬಕೆಟು, ಮುಚ್ಚಳವಿರುವ ಕಸದ ಬುಟ್ಟಿ, ಉರಿಯುವ ಬಲ್ಬು ಇದೆಯೇ ಎಂದು ಮದುವೆಯ ಹಿಂದಿನ ದಿನ ಒಮ್ಮೆ ವಿಚಾರಿಸಿ. ಬಿರಿಯಾನಿಯ ರುಚಿ ನೋಡುವುದಕ್ಕೆ ಹತ್ತು ಜನರಿರುತ್ತಾರೆ, ಇದನ್ನು ವಿಚಾರಿಸಲು ಒಬ್ಬರೂ ಇರುವುದಿಲ್ಲ.

‘ಬಾಅದಬ್ ಬಾನಸೀಬ್’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅದಬು ಇದ್ದವನಿಗೆ ಭಾಗ್ಯ. ಆ ಭಾಗ್ಯದಲ್ಲಿ ಮನೆಯವರಿಗೂ ಪಾಲು ಸಿಗಬೇಕಾದರೆ ನಾವು ಕೇಳುವುದನ್ನು ಕಲಿಯಬೇಕು. ಡಾಕ್ಟರ ಬಳಿ ಹೋದಾಗ ಪತ್ನಿಯ ಪರವಾಗಿ ಉತ್ತರ ಕೊಡಬೇಡಿ. ಆಕೆಗೆ ಮಾತಾಡಲು ಬಿಡಿ, ಬೇಕಿದ್ದರೆ ಎರಡು ನಿಮಿಷ ಹೊರಗೆ ಕುಳಿತುಕೊಳ್ಳಿ. ಅದಕ್ಕಿಂತ ಮೊದಲು, ಇಂದು ರಾತ್ರಿ ಊಟವಾದ ಮೇಲೆ ಮನೆಯವರನ್ನು ಒಂದು ಪ್ರಶ್ನೆ ಕೇಳಿ: “ನನ್ನ ಯಾವ ಅಭ್ಯಾಸದಿಂದ ನಿಮಗೆ ತೊಂದರೆಯಾಗುತ್ತಿದೆ?” ಮೊದಲ ದಿನ ಯಾರೂ ಏನೂ ಹೇಳಲಾರರು. ಇನ್ನೊಮ್ಮೆ ಕೇಳಿ. ಉತ್ತರ ಬಂದಾಗ ವಾದಿಸಬೇಡಿ.

ಆ ಬಟ್ಟೆ ಅಂಗಡಿಯ ಸಹೋದರರು ಎರಡು ವಾರ ಬಿಟ್ಟು ಔಷಧಿಗೆಂದು ಮತ್ತೆ ಬಂದಿದ್ದರು. ಅಂಗಡಿಯ ಹಿಂದಿನ ಮನೆಯವರೊಂದಿಗೆ ಮಾತಾಡಿ, ಅವರ ಹಿತ್ತಿಲಿನ ಶೌಚಾಲಯವನ್ನು ಪತ್ನಿ ಬಳಸಲು ಒಪ್ಪಿಸಿದ್ದರು. ತಿಂಗಳಿಗೆ ಸ್ವಲ್ಪ ಹಣ, ಶುಚಿ ಮಾಡುವ ಜವಾಬ್ದಾರಿ ಇವರದು. ಅಂಗಡಿಯ ಗಲ್ಲಾದ ಪಕ್ಕ ಪತ್ನಿಗಾಗಿ ಒಂದು ನೀರಿನ ಬಾಟಲಿ ಇಟ್ಟಿದ್ದಾರಂತೆ. “ನಾಲ್ಕು ವರ್ಷದಲ್ಲಿ ಆಗದ್ದು ಅರ್ಧ ಗಂಟೆಯಲ್ಲಿ ಆಯಿತು, ಡಾಕ್ಟರ್ ಸಾಬ್” ಎಂದರು. ಈ ಸಲ ಪತ್ನಿಗೆ ಹೇಗಿದೆಯೆಂದು ಕೇಳಿದಾಗ ಅವರು ಉತ್ತರಿಸಲಿಲ್ಲ. ಫೋನು ಹಚ್ಚಿ, “ನೀನೇ ಹೇಳು” ಎಂದು ಪತ್ನಿಗೆ ಹೇಳಿ ನನ್ನ ಕೈಗೆ ಕೊಟ್ಟರು.

ಅಲ್ಲಾಹನು ನಮ್ಮೆಲ್ಲರಿಗೂ ಇಂಥ ಅದಬನ್ನು ಕರುಣಿಸಲಿ, ಆಮೀನ್.